ಖಾಲಿ ಪಲ್ಲಕ್ಕಿಯ ಮೆರವಣಿಗೆ

"ನನ್ನ ರಾಜ್ಯದಲ್ಲಿ ಕೆಲಸವಿಲ್ಲದವನು ಒಬ್ಬನೂ ಇಲ್ಲ!" ಎಂದು ಹುಲಿಗೊಂಡದ ದೊರೆ ಗಂಗಣ್ಣ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಮೀಸೆ ದೊಡ್ಡದು, ತಿರುವುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ಅಷ್ಟರಲ್ಲಿ ಪ್ರಧಾನಿ ಶೇಷಪ್ಪಯ್ಯ ಕಡತ ಬಿಚ್ಚಿ ಓದಿದ: "ಕೆಲಸವಿಲ್ಲದವರು, ಸೊನ್ನೆ."

"ಸೊನ್ನೆಯೇ?" ಎಂದ ಓಬಳಯ್ಯ. ಆಸ್ಥಾನದಲ್ಲಿ ಇವನ ಹುದ್ದೆ ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ನಾಲಿಗೆ ಮಾತ್ರ ಎಲ್ಲರಿಗೂ ಗೊತ್ತಿತ್ತು. "ಪಲ್ಲಕ್ಕಿ ಹೊರುತ್ತಿದ್ದ ನಲವತ್ತು ಜನ ಬೋಯಿಗಳು ಏನಾದರು? ಪ್ರಭುಗಳು ಕುದುರೆ ಸಾರೋಟು ತರಿಸಿದ ದಿನದಿಂದ ಅವರ ಹೆಗಲು ಖಾಲಿ."

"ಒಬ್ಬೊಬ್ಬರನ್ನೂ ಕೇಳಿಯೇ ಬರೆದಿದ್ದೇನೆ," ಎಂದ ಶೇಷಪ್ಪಯ್ಯ. "ಇಪ್ಪತ್ತೈದು ಜನ 'ಕೆಲಸ ಹುಡುಕ್ತಾ ಇದ್ದೀವಿ' ಅಂದರು. ಹುಡುಕುವುದೂ ಒಂದು ಕೆಲಸವೇ. ಉಳಿದ ಹದಿನೈದು ಜನ 'ಹುಡುಕಿ ಹುಡುಕಿ ಸಾಕಾಗಿ ಬಿಟ್ಟುಬಿಟ್ವಿ' ಅಂದರು. ಅಂದರೆ ಅವರಿಗೆ ಕೆಲಸ ಬೇಡ. ಬೇಡವೆಂದವರನ್ನು ಯಾಕೆ ಎಣಿಸಲಿ?"

ಸಭೆ ಹೌದು ಹೌದೆಂದು ತಲೆದೂಗಿತು. ಆ ಸಭೆಗೆ ತಲೆ ಇದ್ದದ್ದೇ ತೂಗುವುದಕ್ಕೆ.

"ಕೆಲಸವಿಲ್ಲದವರೇ ಇಲ್ಲವೆಂದ ಮೇಲೆ ಗಂಜಿಮನೆ ಯಾಕೆ? ನಾಳಿದ್ದಿನಿಂದ ಮುಚ್ಚಿ," ಎಂದ ದೊರೆ.

ಓಬಳಯ್ಯ ಎದ್ದು ಮುಂದೆ ಬಂದ. ಬೋಯಿಗಳ ಕೇರಿಯಲ್ಲಿ ರಾಗಿಮುದ್ದೆ ತೆಂಗಿನಕಾಯಿ ಗಾತ್ರದಿಂದ ನಿಂಬೆಕಾಯಿ ಗಾತ್ರಕ್ಕೆ ಇಳಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಲ್ಲಿನ ಮಕ್ಕಳ ಹೊಟ್ಟೆ ತುಂಬುತ್ತಿದ್ದದ್ದು ಆ ಗಂಜಿಮನೆಯಲ್ಲೇ.

"ಪ್ರಭು, ಬೋಯಿಗಳು ನಡೆಯುತ್ತಿಲ್ಲ, ಅದಕ್ಕೇ ಮೆಟ್ಟು ಹೊಲಿಯುವವನಿಗೆ ಗಿರಾಕಿ ಇಲ್ಲ. ಅವನು ಎಣ್ಣೆ ಕೊಳ್ಳುತ್ತಿಲ್ಲ, ಅದಕ್ಕೇ ಗಾಣ ನಿಂತಿದೆ. ಗಾಣದ ಎತ್ತೂ ಮಲಗಿಬಿಟ್ಟಿದೆ. ಪ್ರಧಾನಿಗಳೇ, ಅದನ್ನು ಕೇಳಿದಿರಾ? ಹುಡುಕುತ್ತಿದೆಯಂತೋ, ಬಿಟ್ಟುಬಿಟ್ಟಿತಂತೋ?"

ದೊರೆಗೆ ರೇಗಿತು. "ಬೋಯಿಗಳಿಗೆ ಕೆಲಸವಿಲ್ಲ ಅನ್ನುವ ಮಾತು ನನ್ನ ಬಾಯಿಂದಲೇ ಬಂದರೆ ಮಾತ್ರ ಆ ಲೆಕ್ಕ ಬದಲಾಗುತ್ತದೆ. ನನ್ನ ಬಾಯಿಂದ ಅದು ಬರುವುದಿಲ್ಲ."

"ಬಂದರೆ?"

"ನಲವತ್ತು ಜನಕ್ಕೂ ನಾನೇ ಕೆಲಸ ಕೊಡುತ್ತೇನೆ. ನಾಳೆ ಸಂಜೆಯೊಳಗೆ ಬರದಿದ್ದರೆ ಗಂಜಿಮನೆಗೆ ಬೀಗ, ನಿನಗೆ ಗಡೀಪಾರು."

"ಆಗಲಿ ಬುದ್ಧಿ. ಮೂಲೆಗೆ ಬಿದ್ದಿರುವ ಹಳೇ ಪಲ್ಲಕ್ಕಿಯನ್ನು ನಾಳೆ ಒಂದು ದಿನಕ್ಕೆ ಕೊಡಿಸಿ."

"ತಗೊಂಡು ಹೋಗು, ಅದರಲ್ಲೇ ಕೂತು ಊರು ಬಿಡು!" ಎಂದು ದೊರೆ ನಕ್ಕ.

ಮರುದಿನ ಮಧ್ಯಾಹ್ನ ದೊರೆ ಆರು ಹೋಳಿಗೆ, ಅದಕ್ಕೆ ತಕ್ಕಷ್ಟು ತುಪ್ಪ ಮುಗಿಸಿ ಮಲಗಿದ. ಇನ್ನೇನು ಕಣ್ಣು ಹತ್ತಬೇಕು, ಕಿಟಕಿಯ ಕೆಳಗೆ ಕೂಗು ಎದ್ದಿತು.

"ಹುಂ ಹುಂ! ಹೋ ಹೋ! ಹುಂ ಹುಂ! ಹೋ ಹೋ!"

ಎಂಟೆಂಟು ಜನ ಸರದಿಯಂತೆ ಪಲ್ಲಕ್ಕಿ ಹೊತ್ತಿದ್ದರು, ಉಳಿದವರು ಜೊತೆಗೆ ಕೂಗುತ್ತ ನಡೆಯುತ್ತಿದ್ದರು. ಪಲ್ಲಕ್ಕಿ ಅರಮನೆಯನ್ನು ಒಂದು ಸುತ್ತು ಹಾಕಿ ಮತ್ತೆ ಅದೇ ಕಿಟಕಿಗೆ ಬಂತು. ದೊರೆ ದಿಂಬನ್ನು ಕಿವಿಗೆ ಒತ್ತಿಕೊಂಡ. ಏಳನೆಯ ಸುತ್ತಿಗೆ ದಿಂಬು ಎಸೆದು, ಕೆದರಿದ ಜುಟ್ಟಿನಲ್ಲೇ ಕಿಟಕಿಗೆ ಬಂದ.

"ಯಾರ್ರೋ ಅದು? ಖಾಲಿ ಪಲ್ಲಕ್ಕಿ ಹೊತ್ಕೊಂಡು ಸುತ್ತುತ್ತಾ ಇದ್ದೀರಲ್ಲ, ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವೇನ್ರೋ?"

"ಇಲ್ಲ ಬುದ್ಧಿ!" ಎಂದರು ನಲವತ್ತು ಜನ ಒಟ್ಟಿಗೆ.

ಪಕ್ಕದಲ್ಲೇ ನಿಂತಿದ್ದ ಓಬಳಯ್ಯ ಕೈಮುಗಿದ. "ಪ್ರಭುಗಳ ಬಾಯಿಂದಲೇ ಬಂತು!"

ಗದ್ದಲ ಕೇಳಿ ಓಡಿಬಂದಿದ್ದ ಶೇಷಪ್ಪಯ್ಯ ಬಿಡಲಿಲ್ಲ. "ಅದು ಪ್ರಭುಗಳು ಕೇಳಿದ ಪ್ರಶ್ನೆ, ಹೇಳಿದ ಮಾತಲ್ಲ. ಮೇಲಾಗಿ ಇವರು ಪಲ್ಲಕ್ಕಿ ಹೊರುತ್ತಿದ್ದಾರೆ. ಇದೇ ಇವರ ಕೆಲಸ!"

"ಹಾಗೋ!" ಓಬಳಯ್ಯ ಬೋಯಿಗಳ ಯಜಮಾನನ ಕಡೆ ತಿರುಗಿದ. "ದುಗ್ಗಪ್ಪ, ಕೇಳಿಸ್ಕೊಂಡೆಯಾ? ಇದೇ ನಿಮ್ಮ ಕೆಲಸವಂತೆ, ಪ್ರಧಾನಿಗಳ ಅಪ್ಪಣೆ. ದಿನಾ ಮಧ್ಯಾಹ್ನ ಇದೇ ಹೊತ್ತು, ಇದೇ ಕಿಟಕಿ. ಎತ್ರಪ್ಪಾ!"

"ಹುಂ ಹುಂ!" ಎಂದು ದುಗ್ಗಪ್ಪ ಹೊಟ್ಟೆಯೊಳಗಿಂದ ಕೂಗೆಳೆದ.

"ನಿಲ್ಸ್ರೋ!" ದೊರೆ ಕಿರುಚಿದ. "ದಿನಾ ಅಂತೆ! ಇದೂ ಒಂದು ಕೆಲಸವೇ? ನಿಮಗೆ ಯಾವ ಕೆಲಸವೂ ಇಲ್ಲ, ಅದಕ್ಕೇ ಹೀಗೆ ನನ್ನ ಪ್ರಾಣ..."

ಮಾತು ಅಲ್ಲೇ ನಿಂತಿತು. ದೊರೆ ಅಂಗೈಯಿಂದ ಬಾಯಿ ಮುಚ್ಚಿಕೊಂಡ, ಮೀಸೆ ಮಾತ್ರ ಎರಡೂ ಕಡೆಯಿಂದ ಹೊರಗೆ ಇಣುಕಿತು.

ಯಾರೂ ನಗಲಿಲ್ಲ. ದುಗ್ಗಪ್ಪ ಕಿಟಕಿಯನ್ನೇ ನೋಡುತ್ತಿದ್ದ. ಅವನ ಮನೆಯಲ್ಲಿ ಗಂಜಿ ಕುಡಿಯುವ ಬಾಯಿ ಐದು.

ಮೊದಲು ದೊರೆಯ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಬಂತು. "ಸೋತೆ ಕಣಯ್ಯಾ! ಕೆರೆ ಏರಿ ಬಿರುಕು ಬಿಟ್ಟು ಎರಡು ವರ್ಷವಾಯಿತು. ನಲವತ್ತು ಜನರೂ ನಾಳೆಯಿಂದ ಅಲ್ಲಿ ಕಲ್ಲು ಹೊರಲಿ, ಮೊದಲಿದ್ದ ಸಂಬಳವೇ ಇರಲಿ. ಗಂಜಿಮನೆಯೂ ನಡೆಯಲಿ. ಓಬಳಯ್ಯನಿಗೆ ಒಂದು ಜರಿ ರುಮಾಲು. ಈಗ ಎಲ್ಲರೂ ಹೊರಡಿ, ನನಗೆ ನಿದ್ದೆ ಬೇಕು."

ಶೇಷಪ್ಪಯ್ಯ ಕಡತ ಹಿಡಿದು ಸಪ್ಪೆ ಮುಖದಲ್ಲಿ ನಿಂತಿದ್ದ. "ನಲವತ್ತು ಎಂದು ತಿದ್ದುವುದರೊಳಗೆ ನಲವತ್ತು ಜನಕ್ಕೂ ಕೆಲಸ ಸಿಕ್ಕಿಬಿಟ್ಟಿತು. ಎಣಿಸುವುದಕ್ಕೆ ಒಬ್ಬರೂ ಉಳಿಯಲಿಲ್ಲ. ಈಗ ಏನಂತ ಬರೆಯಲಿ?"

"ಒಂದು ಅಂತ ಬರೆದುಕೊಳ್ಳಿ ಸ್ವಾಮಿ," ಎಂದ ಓಬಳಯ್ಯ. "ಎಣಿಸುವುದು ಬಿಟ್ಟರೆ ತಮಗೆ ಬೇರೆ ಕೆಲಸ ಎಲ್ಲಿದೆ?"