ಉದುರಿದ ಬಾಲ

ಹೊಳೆ ದಂಡೆಯ ಮಠದಲ್ಲಿ ಗುರುಮಲ್ಲ, ಚಿಕ್ಕಲಿಂಗ ಇಬ್ಬರೂ ದಾಸೋಹದ ಅಡುಗೆಗೆ ನಿಂತವರು. ಒಂದೇ ಚಾಪೆಯಲ್ಲಿ ಮಲಗಿ ದೊಡ್ಡವರಾದವರು.

ಒಂದು ಹಬ್ಬದ ದಿನ ಪಾಯಸದ ಕೊಪ್ಪರಿಗೆಗೆ ಹಲ್ಲಿ ಬಿತ್ತು. ಎಲೆಯ ಮುಂದೆ ಕೂತಿದ್ದ ಜನ, ಈ ಮಠದ ಅನ್ನ ಇನ್ನು ಮುಟ್ಟುವುದಿಲ್ಲ ಅಂತ ಎದ್ದುಬಿಟ್ಟರು. ಪಾಯಸವೆಲ್ಲ ಹೊಳೆಯ ಪಾಲಾಯಿತು.

ಮುಚ್ಚಳ ತೆಗೆದಿಟ್ಟು ಮರೆತವನು ಗುರುಮಲ್ಲ. ಗುರುಗಳ ಮುಂದೆ, ಎಲ್ಲರೆದುರು ನಿಲ್ಲಿಸಿ ಕೇಳಿದಾಗ ಅವನ ಬಾಯಿಗೆ ಬಂದದ್ದು ಚಿಕ್ಕಲಿಂಗನ ಹೆಸರು.

ಹೆಸರು ಹೇಳಿದ್ದೇ ತಡ, ತೊಲೆಯ ಮೇಲೊಂದು ಹಲ್ಲಿ ಲೊಚಗುಟ್ಟಿತು. ಕೂತವರೆಲ್ಲ ಬೆರಳ ಗೆಣ್ಣಿನಿಂದ ನೆಲ ಕುಟ್ಟಿ ‘ಸತ್ಯ, ಸತ್ಯ’ ಅಂದರು. ಹಲ್ಲಿಯೇ ನುಡಿದ ಮೇಲೆ ಇನ್ನೆಂಥ ವಿಚಾರಣೆ?

ಚಿಕ್ಕಲಿಂಗ ಅಂದೇ ಮಠ ಬಿಟ್ಟ. ಹೋಗುವ ಮುಂಚೆ ಸೌಟು ತೊಳೆದು ಗುರುಮಲ್ಲನ ಕೈಗೆ ಕೊಟ್ಟ.

ವರ್ಷ ಕಳೆಯಿತು. ನಾಳೆ ಗುರುಮಲ್ಲನಿಗೆ ದೀಕ್ಷೆ ಅನ್ನುವಾಗ ಸಂತೆಗೆ ಹೋದವರು ಸುದ್ದಿ ತಂದರು. ಚಿಕ್ಕಲಿಂಗ ಕಲ್ಲು ಒಡೆಯಲು ಹೋಗುತ್ತಾನಂತೆ. ಅವನ ಕೈಯಿಂದ ಊರಲ್ಲಿ ಯಾರೂ ಒಂದು ಲೋಟ ನೀರು ಸಹ ಕುಡಿಯುವುದಿಲ್ಲವಂತೆ.

ಗುರುಮಲ್ಲ ನೆಟ್ಟಗೆ ಗುರುಗಳ ಕೋಣೆಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಅವರು ಕೋಣೆ ಗುಡಿಸು ಅಂತ ಪೊರಕೆ ತೋರಿಸಿದರು.

ಮೂಲೆಗೆ ಪೊರಕೆ ತಾಗಿದ್ದೇ ಒಂದು ಹಲ್ಲಿ ಬಾಲ ಉದುರಿಸಿ ಸರ್ರನೆ ಗೋಡೆ ಏರಿತು. ಬಾಲ ನೆಲದ ಮೇಲೆ ವಿಲವಿಲ ಒದ್ದಾಡಿತು. ಮಠದ ಬೆಕ್ಕು ಹಾರಿ ಬಂದು ಅದನ್ನೇ ಅದುಮಿಕೊಂಡು ಕೂತಿತು. ಗೋಡೆಯ ಕಡೆ ತಲೆ ಎತ್ತಲೂ ಇಲ್ಲ.

"ಬುದ್ಧಿ, ಅವತ್ತು ಮುಚ್ಚಳ ತೆರೆದಿಟ್ಟವನು ನಾನು."

"ಗೊತ್ತು. ಚಿಕ್ಕಲಿಂಗ ಆಗ ಹೊಳೆಯಿಂದ ನೀರು ಹೊರ್ತಿದ್ದ."

"ಮತ್ತೆ ಹಲ್ಲಿ ಯಾಕೆ ನುಡೀತು?"

"ಹೆಣ್ಣು ಹಲ್ಲೀನ ಕರೆಯೋಕೆ. ಇಲ್ಲಾ ಇನ್ನೊಂದು ಗಂಡನ್ನ ಓಡಿಸೋಕೆ. ನಿನ್ನ ಪಾಯಸದ ಪಂಚಾಯ್ತಿ ಅದಕ್ಕ್ಯಾಕೆ?"

"ಅವನನ್ನ ಕರೆಸಿ ಬುದ್ಧಿ. ಎಲ್ಲರೆದುರು ಒಪ್ಕೋತೀನಿ. ದೀಕ್ಷೆ ಅವನಿಗೇ ಆಗಲಿ."

"ಹೋದ ತಿಂಗಳೇ ಹೇಳಿ ಕಳಿಸಿದ್ದೆ. ಸೌಟು ಅವತ್ತೇ ತೊಳೆದು ಕೊಟ್ಟಾಯ್ತು ಅಂದನಂತೆ."

ಬಾಲದ ಒದ್ದಾಟ ನಿಧಾನವಾಗುತ್ತಿತ್ತು. ಗುರುಮಲ್ಲ ಗೋಡೆಯ ಮೇಲಿನ ಮೋಟು ಹಲ್ಲಿಯನ್ನು ನೋಡಿದ. "ಅದಕ್ಕಾದರೂ ಮತ್ತೆ ಬಾಲ ಬರುತ್ತೆ."

"ಬರುತ್ತೆ. ಒಳಗೆ ಮೂಳೆ ಇರಲ್ಲ, ಅಷ್ಟೆ. ಉದುರಿದ ಬಾಲಕ್ಕೆ ಮಾತ್ರ ಹಲ್ಲಿ ಬರಲ್ಲ."

ಗುರುಮಲ್ಲನ ದನಿ ಏರಿತು. ಇದೇ ಮೊದಲ ಸಲ.

"ಎಲ್ಲ ಗೊತ್ತಿದ್ದೂ ಸುಮ್ಮನೆ ಕೂತಿದ್ದಿರಾ?"

ಗುರುಗಳು ಅವನ ಕೈಯಿಂದ ಪೊರಕೆ ತೆಗೆದುಕೊಂಡರು. ಬಾಲ ಬಿದ್ದ ಜಾಗವನ್ನು ತಾವೇ ಗುಡಿಸಿದರು.

"ಸುಮ್ಮನೆಲ್ಲಿ ಕೂತಿದ್ದೆ? ಎಲ್ಲರಿಗಿಂತ ಮೊದಲು ನೆಲ ಕುಟ್ಟಿದವನು ನಾನೇ."