ಮೋರಿಯ ಕೆಳಗೆ ನಿಂತ ಮೀನುಗಳು

ಆಶ್ರಮದ ಮುಂದಿನ ಹಳ್ಳಕ್ಕೆ ಆ ಬೇಸಿಗೆಯಲ್ಲಿ ಮೋರಿ ಕಟ್ಟಿದವನು ಶಿಷ್ಯ ಈರಯ್ಯ. ಸಿಮೆಂಟ್ ಕೊಳವೆ ಇಟ್ಟು, ಮೇಲೆ ಕಲ್ಲುಮಣ್ಣು ಬಡಿದು ರಸ್ತೆ ಮಾಡಿದ್ದ. ಇನ್ನು ಯಾರ ಕಾಲೂ ಒದ್ದೆಯಾಗುವುದಿಲ್ಲ ಎಂದು ಬೀಗಿದ್ದೇ ಬೀಗಿದ್ದು.

ಮಳೆ ಹಿಡಿಯಿತು. ಹಳ್ಳ ತುಂಬಿತು.

ಆ ಆಶ್ರಮದಲ್ಲಿ ಒಂದು ವಾಡಿಕೆ. ಹೊಸ ನೀರಿಗೆ ಮೀನು ಮೊಟ್ಟೆಯಿಡಲು ಹಳ್ಳ ಹತ್ತುವ ಕಾಲದಲ್ಲಿ ಗುರುಗಳು ಮೇಲಿನ ಮಡುವಿಗೆ ಹೋಗಿ ಒಂದು ಹಿಡಿ ಅನ್ನ ಹಾಕುವರು. ಮೀನು ಉಂಡ ಮೇಲೆಯೇ ಅವರ ಊಟ.

ಈ ಸಲ ಗುರುಗಳು ಅನ್ನವನ್ನು ಹಾಗೇ ವಾಪಸು ತಂದರು. ಮರುದಿನವೂ ಅಷ್ಟೇ.

"ಗುರುಗಳೇ, ಊಟ?"

"ಬರಬೇಕಾದವರು ಬಂದಿಲ್ಲವಲ್ಲಪ್ಪ."

ಮೀನು ಎಲ್ಲಿವೆಯೆಂದು ನೋಡಲು ಈರಯ್ಯ ಹೊರಟ. ಹಳ್ಳದ ದಂಡೆ ಹಿಡಿದು ಹುಡುಕಿದ. ಮೀನುಗಳು ಅವನ ಮೋರಿಯ ಕೆಳಗೇ ಇದ್ದವು. ಸೊಂಟದೆತ್ತರದಲ್ಲಿದ್ದ ಕೊಳವೆಯ ಬಾಯಿಂದ ನೀರು ಧುಮುಕುತ್ತಿತ್ತು. ಮೀನುಗಳು ಹಾರುತ್ತಿದ್ದವು, ಸಿಮೆಂಟಿಗೆ ಬಡಿದು ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು.

ಸದ್ಯ, ಸಿಕ್ಕವಲ್ಲ! ಓಡಿಹೋಗಿ ಅನ್ನ ತಂದು ಅಲ್ಲೇ ಚೆಲ್ಲಿದ. ಒಂದು ಮೀನೂ ಅತ್ತ ತಿರುಗಲಿಲ್ಲ. ಅನ್ನ ತೇಲಿಹೋಯಿತು.

ಅವನಿಗೆ ತಲೆಬುಡ ತಿಳಿಯಲಿಲ್ಲ.

"ಗುರುಗಳೇ, ಅವು ಇದ್ದಲ್ಲಿಗೇ ಅನ್ನ ಒಯ್ದೆ. ಮೂಸಲೂ ಇಲ್ಲ. ನೀವಾದರೂ ಉಣ್ಣಿ."

"ಹೆರಿಗೆಗೆ ತವರಿಗೆ ಹೊರಟವಳನ್ನು ಬಾಗಿಲಾಚೆ ನಿಲ್ಲಿಸಿ ಎಲೆ ಹಾಕಿದರೆ ಉಣ್ಣುತ್ತಾಳೇನೋ?"

"ಬಾಗಿಲು ಎಲ್ಲಿ ಮುಚ್ಚಿದೆ? ಕೊಳವೆ ಇಟ್ಟಿದ್ದೇನಲ್ಲ!"

"ಇಳಿಯುವ ನೀರಿಗೆ ಇಟ್ಟೆ. ಹತ್ತುವವರಿಗೆ?"

ಈರಯ್ಯನಿಗೆ ಅರ್ಧ ತಿಳಿದಂತಾಯಿತು, ಅರ್ಧ ಇನ್ನಷ್ಟು ಗೋಜಲಾಯಿತು. ತಾನು ಮಾಡಿದ್ದು ಒಳ್ಳೆಯ ಕೆಲಸವೇ ತಾನೆ? ಆದರೂ ಗುರುಗಳ ಒಣಗಿದ ತುಟಿ ನೋಡಲಾಗಲಿಲ್ಲ. ಹಾರೆ ಹಿಡಿದು ಹಳ್ಳಕ್ಕಿಳಿದ. ತಾನೇ ಕಟ್ಟಿದ್ದನ್ನು ತಾನೇ ಕಿತ್ತ. ಕೀಳುವಾಗ ಅಳು ಬಂತು.

ಸಂಜೆ ಮಡುವಿನಲ್ಲಿ ಮೀನುಗಳು ಬಾಯಿ ತೆರೆದು ಮೇಲೆದ್ದವು. ಗುರುಗಳು ಅನ್ನ ಹಾಕಿದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕುಳಿತು ಉಂಡರು.

ಮೈಯೆಲ್ಲ ಕೆಸರಾದ ಈರಯ್ಯ ಮಾತ್ರ ನಿಂತೇ ಇದ್ದ.

"ಮತ್ತೆ ಎಲ್ಲರ ಕಾಲೂ ಒದ್ದೆ, ಗುರುಗಳೇ. ದಾರಿ ಕಟ್ಟಿದರೆ ಇವು ಹತ್ತುವುದಿಲ್ಲ, ಕಟ್ಟದಿದ್ದರೆ ನಾವು ದಾಟುವುದಿಲ್ಲ. ನಾನು ಕಟ್ಟಲೋ ಬೇಡವೋ?"

"ಕಟ್ಟು."

"ಹೇಗೆ?"

ಗುರುಗಳು ಹಳ್ಳದಲ್ಲಿ ಕೈ ತೊಳೆದುಕೊಂಡರು.

"ಮೇಲೊಂದು ರಸ್ತೆ ಇದೆಯೆಂದು ಹಳ್ಳಕ್ಕೆ ಗೊತ್ತಾಗದ ಹಾಗೆ."