ಸಾಹುಕಾರರ ಬಿಳಿ ಅಂಗಿ

"ಹೆಂಗಸಿನ ಕೈಲಿ ಲಾರಿ ಉಳಿಯಲ್ಲ" ಎಂದವನು ಬಿಡಿಭಾಗದಂಗಡಿಯ ಗಂಗಾಧರಪ್ಪ. ಅವನು ಕೊಟ್ಟ ಏರ್ ಫಿಲ್ಟರಿನಿಂದಲೇ ಧೂಳು ನುಗ್ಗಿ, ಜಲ್ಲಿ ಹೊರುವ ನನ್ನ ಲಾರಿಯ ಎಂಜಿನ್ ಒಮ್ಮೆ ಕೆಟ್ಟಿತ್ತು. ಇನ್ನೊಮ್ಮೆ ಕೆಟ್ಟರೆ ಲಾರಿ ಗುಜರಿಗೇ. ಊರಲ್ಲಿ ಬೇರೆ ಅಂಗಡಿಯಿಲ್ಲದೆ ಮತ್ತೆ ಅವನಲ್ಲಿಗೇ ಹೋದೆ. ಅವನು ಫಿಲ್ಟರಿನ ಡಬ್ಬಿಯೊಂದನ್ನು ಮುಂದಿಟ್ಟ.

"ಇದು ಹೊಸದೇ. ನಿನಗೇನು ಗೊತ್ತಾಗುತ್ತೆ? ತಗೊಂಡು ನಡಿಯಮ್ಮ."

"ಗೊತ್ತಾಗಲ್ಲ ಸಾಹುಕಾರ್ರೇ. ನಿಮ್ಮ ಅಂಗಿ ಮೇಲೆ ಎರಡು ಸಲ ಬಡಿದು ತೋರಿಸಿ, ಸಾಕು."

ಮದುವೆಗೆ ಹೊರಟಿದ್ದವನು ತನ್ನ ಬಿಳಿ ಅಂಗಿ ನೋಡಿಕೊಂಡ. ಹಳೆಯ ಫಿಲ್ಟರಿಗೆ ಗಾಳಿ ಹೊಡೆದು, ಮೇಲ್ಮೇಲಿನ ಧೂಳು ಹಾರಿಸಿ ಹೊಸ ಡಬ್ಬಿಗೆ ತುಂಬಿದ್ದವನು ಅವನೇ. ಒಳಗೆ ಹೋಗಿ ಬೇರೊಂದು ತಂದ. ನಾನು ಕೇಳುವ ಮೊದಲೇ ಅದನ್ನು ಎದೆಯ ಮೇಲೆ ಬಡಿದುಕೊಂಡ. ಅಂಗಿ ಬೆಳ್ಳಗೇ ಇತ್ತು.

ಲಾರಿ ಇವತ್ತಿಗೂ ನನ್ನ ಕೈಲೇ ಇದೆ. ಎಂಜಿನ್ ಒಳ್ಳೆಯ ಗಾಳಿ ಕುಡಿಯುತ್ತದೆ. ಹನ್ನೆರಡು ವರ್ಷ ಜಲ್ಲಿಯ ಧೂಳು ಕುಡಿದ ನನ್ನ ಎದೆಗೆ ಮಾತ್ರ ಯಾವ ಅಂಗಡಿಯಲ್ಲೂ ಬದಲಿ ಸಿಗುವುದಿಲ್ಲ.